ಸೀಮೆಸುಣ್ಣವನ್ನು ಎಷ್ಟು ಸಲ ಮುರಿಯಬಹುದು?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಹತ್ತನೇ ಕ್ಲಾಸಿನ ಮಕ್ಕಳಿಗೆ ಮುಂದಿನ ಓದಿನ ಬಗ್ಗೆ ನಾಲ್ಕು ಮಾತು ಹೇಳಪ್ಪ" ಎಂದರು. ಒಪ್ಪಿಕೊಂಡೆ. ಆಮೇಲೆ ಯೋಚನೆ ಹತ್ತಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಹಳ್ಳಿಯ ಶಾಲೆಗೆ ಬಂದರೆ ಏನು ಮಾತಾಡುತ್ತಾನೆ ಎನ್ನುವುದು ನಿಮಗೆಲ್ಲ ಗೊತ್ತು. ಕಷ್ಟಪಟ್ಟೆ, ಓದಿದೆ, ಮೇಲೆ ಬಂದೆ, ನೀವೂ ಬನ್ನಿ ಎನ್ನುತ್ತಾನೆ. ಆ ಭಾಷಣವನ್ನು ನಾನೂ ಮಾಡಬಲ್ಲೆ. ಆದರೆ ಈ ಶಾಲೆಯ ಋಣ ಅದರಿಂದ ತೀರುವುದಿಲ್ಲ. ಅದಕ್ಕೇ ಇವತ್ತು ನಾನು ಸೇರಿದ ಕೆಲಸದ ವಿಷಯ ಬಿಟ್ಟು, ಸೇರದೇ ಹೋದ ಒಂದು ಓದಿನ ವಿಷಯ ಹೇಳುತ್ತೇನೆ. ಆ ಓದಿನ ಹೆಸರು ನ್ಯಾನೋ ತಂತ್ರಜ್ಞಾನ.

ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದ್ದು 2003ರಲ್ಲಿ. ಆಗ ನಮಗೆ ಪ್ರಯೋಗಾಲಯ ಎಂದರೆ ಸ್ಟಾಫ್ ರೂಮಿನ ಮೂಲೆಯ ಒಂದು ಮರದ ಬೀರು. ಅದರಲ್ಲಿ ಒಂದು ಸೂಕ್ಷ್ಮದರ್ಶಕ, ಎರಡು ಸ್ಪಿರಿಟ್ ದೀಪ, ತುದಿ ಒಡೆದ ಪ್ರನಾಳಗಳು, ಒಂದು ಅಯಸ್ಕಾಂತ. ಆ ಬೀರುವಿಗೆ ಬೀಗ ಇತ್ತು, ಆದರೆ ಬೀಗದ ಕೈ ಹತ್ತನೇ ಕ್ಲಾಸಿನ ಲೀಡರ್ ಹತ್ತಿರ ಇರುತ್ತಿತ್ತು. "ಒಡೆದ್ರೆ ಒಡೀಲಿ, ಮುಟ್ಟದೇ ತುಕ್ಕು ಹಿಡಿಯೋದಕ್ಕಿಂತ ವಾಸಿ" ಎನ್ನುತ್ತಿದ್ದರು ನಮ್ಮ ವಿಜ್ಞಾನದ ಮೇಷ್ಟ್ರು. ಅವರು ನಿವೃತ್ತರಾಗಿ, ಇವತ್ತು ಇದೇ ವೇದಿಕೆಯ ಮೇಲೆ ಕುಳಿತಿದ್ದಾರೆ. ಸಾರ್, ಆ ಬೀಗದ ಕೈ ಮಾತು ಮುಂದೆ ನನ್ನ ಮೂರು ಲಕ್ಷ ರೂಪಾಯಿ ಉಳಿಸಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ಒಂದು ದಿನ ಮೇಷ್ಟ್ರು ಪರಮಾಣುವಿನ ಪಾಠ ಮಾಡುವಾಗ ಹೊಸ ಸೀಮೆಸುಣ್ಣ ತೆಗೆದುಕೊಂಡು ಎರಡು ತುಂಡು ಮಾಡಿದರು. ಅರ್ಧವನ್ನು ಮತ್ತೆ ಅರ್ಧ ಮಾಡಿದರು. "ಹೀಗೇ ಎಷ್ಟು ಸಲ ಮುರೀಬಹುದು? ಮನೇಲಿ ಮಾಡ್ಕೊಂಡು ಬನ್ನಿ" ಎಂದರು. ನಾವು ಬ್ಲೇಡು ಹಿಡಿದು ಕುಳಿತೆವು. ಆರೇಳು ಸಲಕ್ಕೆ ಪುಡಿಯಾಗಿಬಿಟ್ಟಿತು. ಏಳು ಎಂದು ಬರೆದುಕೊಂಡು ಹೋದೆ.

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಆ ಲೆಕ್ಕವನ್ನು ಮತ್ತೆ ಮಾಡಿ ನೋಡಿದೆ. ಸೀಮೆಸುಣ್ಣದ ಉದ್ದ 8 ಸೆಂಟಿಮೀಟರ್ ಎಂದುಕೊಳ್ಳಿ. ಹತ್ತು ಸಲ ಅರ್ಧ ಮಾಡಿದರೆ ನಮ್ಮ ತಲೆಕೂದಲಿನ ದಪ್ಪಕ್ಕೆ ಬರುತ್ತದೆ. ಹದಿನಾರು ಸಲ ಮಾಡಿದರೆ ಒಂದು ಬ್ಯಾಕ್ಟೀರಿಯಾದ ಗಾತ್ರ. ಇಪ್ಪತ್ತಾರು ಸಲ ಮಾಡಿದರೆ ಸುಮಾರು ಒಂದು ನ್ಯಾನೋಮೀಟರ್. ಎಂದರೆ ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು. ಅಲ್ಲಿಂದ ಮುಂದೆ ನಾಲ್ಕೈದು ಪರಮಾಣುಗಳನ್ನು ಪಕ್ಕಪಕ್ಕ ಇಟ್ಟಷ್ಟೇ ಜಾಗ. ಒಂದರಿಂದ ನೂರು ನ್ಯಾನೋಮೀಟರ್‌ವರೆಗಿನ ಈ ಲೋಕದಲ್ಲಿ ವಸ್ತುಗಳನ್ನು ಅಳೆಯುವುದು, ಕಟ್ಟುವುದು, ಬಳಸುವುದು ನ್ಯಾನೋ ತಂತ್ರಜ್ಞಾನ.

ಅಷ್ಟು ಚಿಕ್ಕದು ಮಾಡಿದರೆ ಬರುವ ಲಾಭವೇನು? ಊರಿನವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಪ್ರತಿ ಬದಿ 1 ಸೆಂಟಿಮೀಟರ್ ಇರುವ ಒಂದು ಬೆಲ್ಲದ ತುಂಡು ಇದೆ. ಅದರ ಆರು ಮುಖ ಸೇರಿ 6 ಚದರ ಸೆಂಟಿಮೀಟರ್ ಮೈ. ಅದೇ ತುಂಡನ್ನು ಒಂದೊಂದು ನ್ಯಾನೋಮೀಟರಿನ ಚೂರು ಮಾಡಿದರೆ ಎಲ್ಲ ಚೂರುಗಳ ಮೈ ಸೇರಿ 6,000 ಚದರ ಮೀಟರ್ ಆಗುತ್ತದೆ. ಹತ್ತಿರ ಹತ್ತಿರ ಒಂದೂವರೆ ಎಕರೆ! ಬೆಲ್ಲದ ತೂಕ ಅಷ್ಟೇ, ಆದರೆ ಹೊರಗಿನದರ ಜೊತೆ ಸೇರುವ, ಪ್ರತಿಕ್ರಿಯೆ ನಡೆಸುವ ಮೈ ಕೋಟಿಪಟ್ಟು ಹೆಚ್ಚಾಯಿತು. ಗುಣವೂ ಬದಲಾಗುತ್ತದೆ. ಹಳದಿ ಚಿನ್ನವನ್ನು ಇಪ್ಪತ್ತು ನ್ಯಾನೋಮೀಟರ್ ಆಸುಪಾಸಿನ ಕಣಗಳಾಗಿ ನೀರಿನಲ್ಲಿ ಹರಡಿದರೆ ನೀರು ಕೆಂಪಗೆ ಕಾಣುತ್ತದೆ. ಮೈಕೆಲ್ ಫ್ಯಾರಡೆ ಇದನ್ನು 1857ರಷ್ಟು ಹಿಂದೆಯೇ ಅಭ್ಯಾಸ ಮಾಡಿದ್ದ.

ನನಗೆ ಈ ಹುಚ್ಚು ಹತ್ತಿದ್ದು ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಓದುವಾಗ. 2010ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಗ್ರಾಫೀನ್ ಕುರಿತ ಪ್ರಯೋಗಗಳಿಗೆ ಬಂತು. ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬ ಇಬ್ಬರು ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿಗೆ ಅಂಟುಪಟ್ಟಿ ಹಚ್ಚಿ, ಎಳೆದು, ಮತ್ತೆ ಹಚ್ಚಿ, ಎಳೆದು, ಕೊನೆಗೆ ಒಂದೇ ಪರಮಾಣು ದಪ್ಪದ ಹಾಳೆಯನ್ನು ಬೇರ್ಪಡಿಸಿದ್ದರು. ಓದಿದಾಗ ನನಗೆ ನೆನಪಾದದ್ದು ನಮ್ಮ ಸೀಮೆಸುಣ್ಣ. ಇದು ನಮ್ಮ ಶಾಲೆಯಲ್ಲಿ ಮಾಡುವಂಥ ಕೆಲಸವಲ್ಲವೇ ಎನ್ನಿಸಿತು. ಆ ಸೆಮಿಸ್ಟರಿನ ಸೆಮಿನಾರಿಗೆ ಅದನ್ನೇ ಆರಿಸಿಕೊಂಡೆ. ರಿಚರ್ಡ್ ಫೈನ್‌ಮನ್ 1959ರಲ್ಲಿ ಮಾಡಿದ ಪ್ರಸಿದ್ಧ ಭಾಷಣ, 1989ರಲ್ಲಿ ಐಬಿಎಂ ವಿಜ್ಞಾನಿಗಳು 35 ಕ್ಸೆನಾನ್ ಪರಮಾಣುಗಳನ್ನು ಒಂದೊಂದಾಗಿ ಸರಿಸಿ ತಮ್ಮ ಕಂಪನಿಯ ಹೆಸರು ಬರೆದದ್ದು, ನಮ್ಮ ಬೆಂಗಳೂರಿನವರೇ ಆದ ಸಿ.ಎನ್.ಆರ್. ರಾವ್ ಅವರ ಕೆಲಸ, ಎಲ್ಲವನ್ನೂ ಸೇರಿಸಿ ಇಪ್ಪತ್ತು ನಿಮಿಷ ಮಾತಾಡಿದೆ. ನನ್ನ ಇಂಗ್ಲಿಷ್ ಮೂರು ಕಡೆ ಎಡವಿತು. ಆದರೂ ಲೆಕ್ಚರರ್ ಚಪ್ಪಾಳೆ ತಟ್ಟಿಸಿದರು. ಅವತ್ತೇ ತೀರ್ಮಾನ ಮಾಡಿದೆ, ಮುಂದೆ ಓದಿದರೆ ನ್ಯಾನೋ.

ಊರಿಗೆ ಬಂದು ಹೇಳಿದೆ. ಅಪ್ಪ ಕಡಲೆಕಾಯಿ ಬಿಡಿಸುತ್ತಾ ಕೇಳಿದರು, "ಆ ಲಕ್ಷ ರೂಪಾಯಿ ಕಾರು ಮಾಡೋದನ್ನ ಕಲಿಸ್ತಾರಾ?" ಆಗ ಎಲ್ಲರ ಬಾಯಲ್ಲಿ ನ್ಯಾನೋ ಎಂದರೆ ಟಾಟಾ ಕಾರು. ನಾನು ನಕ್ಕುಬಿಟ್ಟೆ. ಆದರೆ ಹೆಸರು ಕೇಳಿ ಮರುಳಾದದ್ದರಲ್ಲಿ ನನಗೂ ಅಪ್ಪನಿಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಆ ಕಾಲದ ಹವಾ ಹಾಗಿತ್ತು. ಕೇಂದ್ರ ಸರ್ಕಾರ 2007ರಲ್ಲಿ ನ್ಯಾನೋ ಮಿಷನ್ ಶುರುಮಾಡಿ, ಐದು ವರ್ಷಕ್ಕೆ 1,000 ಕೋಟಿ ರೂಪಾಯಿ ಇಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೋ ವಿಜ್ಞಾನಕ್ಕೆಂದೇ ಹೊಸ ಕೇಂದ್ರ ಬಂದಿತ್ತು. ಇದು ನಿಜವಾದ ಕೆಲಸ. ಇದರ ನೆರಳಲ್ಲಿ ಖಾಸಗಿ ಕಾಲೇಜುಗಳು ಅಲ್ಲೊಂದು ಇಲ್ಲೊಂದು ನ್ಯಾನೋ ಎಂ.ಟೆಕ್. ತೆರೆದವು. ಪೇಪರಿನಲ್ಲಿ ಜಾಹೀರಾತು ಬರುತ್ತಿತ್ತು. ಬಿಳಿ ಕೋಟು ತೊಟ್ಟ ಹುಡುಗಿ, ಪಕ್ಕದಲ್ಲಿ ದೊಡ್ಡ ಯಂತ್ರ, ಕೆಳಗೆ "ಭವಿಷ್ಯದ ತಂತ್ರಜ್ಞಾನ".

2012ರ ಜನವರಿಯಲ್ಲಿ ಅಂಥ ಒಂದು ಕಾಲೇಜಿನಿಂದ ನನಗೆ ಪತ್ರ ಬಂತು. ಹೆಸರು ಬೇಡ. ಎರಡು ವರ್ಷಕ್ಕೆ ಫೀಸು, ಹಾಸ್ಟೆಲ್ ಸೇರಿ ಮೂರು ಲಕ್ಷ. ಸೀಟು ಹಿಡಿಯಲು ಮೊದಲಿಗೆ 25,000 ಕಟ್ಟಬೇಕು. ಅಪ್ಪ ಆ ವರ್ಷದ ಕಡಲೆಕಾಯಿ ಮಾರಿದ ದುಡ್ಡಿನಲ್ಲಿ 25,000 ಎಣಿಸಿ ಕೈಗೆ ಕೊಟ್ಟರು. ಒಂದು ಮಾತೂ ಕೇಳಲಿಲ್ಲ.

ಕಟ್ಟುವ ಮುಂಚೆ ಮೇಷ್ಟ್ರಿಗೆ ತೋರಿಸಿ ಹೋಗೋಣ ಎಂದು ಶಾಲೆಗೆ ಬಂದೆ. ಅವರು ಆ ಬಣ್ಣದ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನನಗೆ ಈ ನ್ಯಾನೋ ಗೀನೋ ಗೊತ್ತಿಲ್ಲ ಕಣಪ್ಪ. ಆದ್ರೆ ಒಂದು ಮಾಡು. ಈ ಫೋಟೋದಲ್ಲಿರೋ ಮಿಷಿನ್ನು ಅಲ್ಲಿದೆಯಾ ನೋಡು. ಇದ್ರೆ, ಅದರ ರೂಮಿನ ಬೀಗದ ಕೈ ಯಾರ ಹತ್ರ ಇರುತ್ತೆ ಕೇಳ್ಕೊಂಡು ಬಾ. ಆಮೇಲೆ ದುಡ್ಡು ಕಟ್ಟು" ಎಂದರು.

ರಾತ್ರಿ ಬಸ್ಸು ಹತ್ತಿ ಹೋದೆ. ಯಂತ್ರ ಇತ್ತು. ಪರಮಾಣು ಮಟ್ಟದ ಮೇಲ್ಮೈ ನೋಡುವ ಸೂಕ್ಷ್ಮದರ್ಶಕ. ಕೋಣೆಗೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ. ಗಾಜಿನಿಂದಲೇ ತೋರಿಸಿದರು. ಬೀಗದ ಕೈ ಪ್ರಿನ್ಸಿಪಾಲರ ಹತ್ತಿರ, ಅವರು ಊರಲ್ಲಿಲ್ಲ. ಕ್ಯಾಂಟೀನಿನಲ್ಲಿ ಎರಡನೇ ವರ್ಷದ ಒಬ್ಬ ಹುಡುಗ ಸಿಕ್ಕ. ಚಹಾ ಕೊಡಿಸಿ ಕೇಳಿದೆ. "ಅಣ್ಣಾ, ಒಂದೂವರೆ ವರ್ಷದಲ್ಲಿ ಆ ಬಾಗಿಲು ತೆಗೆದಿದ್ದು ನಾನು ನೋಡಿರೋದು ಎರಡು ಸಲ. ಒಂದ್ಸಲ ತಪಾಸಣೆಗೆ ಬಂದಾಗ, ಇನ್ನೊಂದ್ಸಲ ಆಯುಧಪೂಜೆಗೆ" ಎಂದ. ಪ್ರಾಜೆಕ್ಟ್ ಮಾಡುವವರು ತಮ್ಮ ಮಾದರಿಗಳನ್ನು ಬೇರೆ ಸಂಸ್ಥೆಗೆ ಕಳಿಸಿ, ಒಂದೊಂದಕ್ಕೆ ದುಡ್ಡು ಕೊಟ್ಟು ಚಿತ್ರ ತೆಗೆಸುತ್ತಿದ್ದರು. ಹಿಂದಿನ ಬ್ಯಾಚಿನವರು ಎಲ್ಲಿದ್ದಾರೆ ಎಂದರೆ, ಇಬ್ಬರು ಅದೇ ಕಾಲೇಜಿನಲ್ಲಿ ಲೆಕ್ಚರರ್, ಉಳಿದವರು ಸಾಫ್ಟ್‌ವೇರ್ ಕೋರ್ಸಿಗೆ ಸೇರಿದ್ದಾರೆ ಎಂದ.

25,000 ವಾಪಸು ತಂದು ಅಪ್ಪನ ಕೈಗೆ ಕೊಟ್ಟೆ. ಆಗಲೂ ಅವರು ಏನೂ ಕೇಳಲಿಲ್ಲ. ಎಣಿಸಿ ಒಳಗಿಟ್ಟರು.

ಆಮೇಲೆ ಎರಡು ತಿಂಗಳು ನಾನು ಮಾಡಿದ ಕೆಲಸ ವಿಚಾರಿಸುವುದು. ಸಿಕ್ಕ ಸಿಕ್ಕ ಪ್ರಾಧ್ಯಾಪಕರಿಗೆ ಇ-ಮೇಲ್ ಬರೆದೆ. ಹತ್ತಕ್ಕೆ ಇಬ್ಬರು ಉತ್ತರ ಕೊಟ್ಟರು. ಆ ಇಬ್ಬರಿಂದ ಕಲಿತದ್ದನ್ನು ಈ ಮಕ್ಕಳಿಗೂ, ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳಿರುವ ಪೋಷಕರಿಗೂ ಹೇಳುತ್ತೇನೆ. ನ್ಯಾನೋ ಬದಲು ಬೇರೆ ಯಾವ ಹೊಸ ಹೆಸರು ಬಂದರೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲನೆಯದು, ನ್ಯಾನೋ ಎನ್ನುವುದು ಸಿವಿಲ್, ಮೆಕ್ಯಾನಿಕಲ್ ಇದ್ದ ಹಾಗೆ ಒಂದು ಪ್ರತ್ಯೇಕ ಕುಲವಲ್ಲ. ಅದು ನಾಲ್ಕು ಊರಿನ ದಾರಿ ಕೂಡುವ ಸಂತೆ. ರಸಾಯನದವರು ಕಣಗಳನ್ನು ತಯಾರಿಸಲು ಬರುತ್ತಾರೆ. ಎಲೆಕ್ಟ್ರಾನಿಕ್ಸ್‌ನವರು ಟ್ರಾನ್ಸಿಸ್ಟರ್, ಸೆನ್ಸರ್ ಮಾಡಲು ಬರುತ್ತಾರೆ. ಮೆಕ್ಯಾನಿಕಲ್‌ನವರು ಲೇಪನ, ಹಗುರ ಲೋಹ ಎಂದು ಬರುತ್ತಾರೆ. ಜೀವವಿಜ್ಞಾನದವರು ಔಷಧಿಯನ್ನು ರೋಗದ ಜಾಗಕ್ಕೇ ಮುಟ್ಟಿಸಲು ಬರುತ್ತಾರೆ. ಸಂತೆಗೆ ಬರಿಗೈಲಿ ಹೋದರೆ ವ್ಯಾಪಾರ ಆಗುವುದಿಲ್ಲ. ನಿಮ್ಮ ಮೂಲ ವಿಷಯ ಗಟ್ಟಿ ಇರಬೇಕು. ಕೆಲಸಕ್ಕೆ ಕರೆಯುವವರೂ ನ್ಯಾನೋ ಇಂಜಿನಿಯರ್ ಬೇಕು ಎಂದು ಬರೆಯುವುದು ಕಡಿಮೆ. ಪ್ರೋಸೆಸ್ ಇಂಜಿನಿಯರ್, ಡಿವೈಸ್ ಇಂಜಿನಿಯರ್, ಮೆಟೀರಿಯಲ್ಸ್ ಎಂದು ಬರೆಯುತ್ತಾರೆ. ಆದ್ದರಿಂದ ಪದವಿ ಪತ್ರದಲ್ಲಿ ನ್ಯಾನೋ ಎಂಬ ಪದ ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಒಳಗೆ ಏನು ಕಲಿಸುತ್ತಾರೆ ಎನ್ನುವುದು ಮುಖ್ಯ. ಮೈಕ್ರೋಎಲೆಕ್ಟ್ರಾನಿಕ್ಸ್, ಮೆಟೀರಿಯಲ್ಸ್ ಸೈನ್ಸ್, ಘನಸ್ಥಿತಿ ಭೌತವಿಜ್ಞಾನ ಓದಿದ ಎಷ್ಟೋ ಜನ ಮಾಡುತ್ತಿರುವುದು ನ್ಯಾನೋ ಕೆಲಸವನ್ನೇ.

ಎರಡನೆಯದು, ಯಾರ ಕೈಕೆಳಗೆ ಕಲಿಯುತ್ತೀರಿ? ಕಾಲೇಜಿನ ಹೆಸರಿಗಿಂತ ಮುಂಚೆ ಮಾರ್ಗದರ್ಶಕರ ಹೆಸರು ನೋಡಿ. ಕಳೆದ ಮೂರು ವರ್ಷದಲ್ಲಿ ಅವರು ಏನು ಪ್ರಕಟಿಸಿದ್ದಾರೆ, ಅದರಲ್ಲಿ ವಿದ್ಯಾರ್ಥಿಗಳ ಹೆಸರು ಇದೆಯೇ ನೋಡಿ.

ಮೂರನೆಯದು, ನಮ್ಮ ಮೇಷ್ಟ್ರ ಪ್ರಶ್ನೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಎಕ್ಸ್-ರೇ ಡಿಫ್ರಾಕ್ಷನ್, ಧೂಳಿಲ್ಲದ ಕ್ಲೀನ್ ರೂಮ್, ಇವು ಇವೆಯೇ? ಇದ್ದರೆ ವಿದ್ಯಾರ್ಥಿಗೆ ಮುಟ್ಟಲು ಬಿಡುತ್ತಾರೆಯೇ? ಬೀಗದ ಕೈ ಯಾರ ಹತ್ತಿರ?

ನಾಲ್ಕನೆಯದು, ದುಡ್ಡು. ಇದನ್ನು ನಾಚಿಕೆ ಬಿಟ್ಟು ಕೇಳಬೇಕು. ಗೇಟ್ ಪರೀಕ್ಷೆ ಪಾಸು ಮಾಡಿ ಮಾನ್ಯತೆ ಇರುವ ಎಂ.ಟೆಕ್.ಗೆ ಸೇರಿದರೆ ಸರ್ಕಾರ ತಿಂಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ನನ್ನ ಕಾಲಕ್ಕೆ 8,000 ಇತ್ತು, ಆಮೇಲೆ 12,400 ಆಯಿತು. ಎಂದರೆ ಸರಿಯಾದ ಜಾಗಕ್ಕೆ ಸೇರಿದರೆ ಓದುವುದಕ್ಕೆ ಅವರೇ ದುಡ್ಡು ಕೊಡುತ್ತಾರೆ, ತಪ್ಪು ಜಾಗಕ್ಕೆ ಸೇರಿದರೆ ನೀವು ಮೂರು ಲಕ್ಷ ಕೊಡುತ್ತೀರಿ. ಗೇಟ್ ಅಂಕ ಈಗ ಮೂರು ವರ್ಷ ಮಾನ್ಯ. ಹೊರದೇಶಕ್ಕೆ ಹೋಗುವವರಿಗೂ ಇದೇ ಮಾತು. ಸ್ವಂತ ಖರ್ಚಿನ ಎಂ.ಎಸ್. ಬೇರೆ, ಸಂಸ್ಥೆಯೇ ಖರ್ಚು ನೋಡಿಕೊಳ್ಳುವ ಪಿಎಚ್.ಡಿ. ಬೇರೆ. ಒಂದೇ ಎಂದುಕೊಂಡು ಜಮೀನು ಅಡ ಇಡಬೇಡಿ.

ಐದನೆಯದು, ಹಿಂದಿನ ಎರಡು ಬ್ಯಾಚಿನವರು ಈಗ ಎಲ್ಲಿದ್ದಾರೆ? ಇದಕ್ಕೆ ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ, ಕ್ಯಾಂಟೀನಿನಲ್ಲಿ ಸಿಗುತ್ತದೆ.

ಇನ್ನೊಂದು ಮಾತು. ಸೇರುವ ಮುಂಚೆಯೇ ರುಚಿ ನೋಡುವ ದಾರಿಗಳಿವೆ, ಇದು ನನಗೆ ತಡವಾಗಿ ಗೊತ್ತಾಯಿತು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯಲ್ಲಿ ವಿದ್ಯಾರ್ಥಿಗಳಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಕೊಡುತ್ತದೆ. ಎರಡು ತಿಂಗಳು ಪ್ರಯೋಗಾಲಯದಲ್ಲಿ ಕೆಲಸ ಮಾಡಿದರೆ ಇದು ನನ್ನ ಕೈಗೆ ಒಗ್ಗುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಳ್ಳೆಯ ಉಪದೇಶದ ಭಾಷಣ ಆಗುತ್ತಿತ್ತು. ಆದರೆ ನನ್ನ ಕಥೆ ಇಲ್ಲಿಗೆ ಮುಗಿಯಲಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಗೇಟ್ ಬರೆದಿದ್ದೆ. ಅಂಕ ಚೆನ್ನಾಗಿ ಬಂತು. ಹೊರರಾಜ್ಯದ ಒಂದು ಸರ್ಕಾರಿ ಸಂಸ್ಥೆಗೆ ಅರ್ಜಿ ಹಾಕಿದೆ. ಮೈಕ್ರೋಎಲೆಕ್ಟ್ರಾನಿಕ್ಸ್ ಎಂ.ಟೆಕ್., ಅದರೊಳಗೆ ನ್ಯಾನೋ ಸಾಧನಗಳ ಪ್ರಾಜೆಕ್ಟು. ನನ್ನ ಐದೂ ಪ್ರಶ್ನೆಗಳಿಗೆ ಅಲ್ಲಿ ಒಳ್ಳೆಯ ಉತ್ತರವಿತ್ತು. ಮೇ ತಿಂಗಳಲ್ಲಿ ಪರೀಕ್ಷೆ ಮತ್ತು ಸಂದರ್ಶನಕ್ಕೆ ಕರೆ ಬಂತು. ರೈಲಿಗೆ ಟಿಕೆಟ್ ಮಾಡಿಸಿದೆ. ಆ ಹೊತ್ತಿಗೆ ಕಾಲೇಜಿನಲ್ಲಿ ನಡೆದ ಕ್ಯಾಂಪಸ್ ಆಯ್ಕೆಯಲ್ಲಿ ವರ್ಷಕ್ಕೆ ಮೂರೂಕಾಲು ಲಕ್ಷದ ಸಾಫ್ಟ್‌ವೇರ್ ಕೆಲಸವೂ ಸಿಕ್ಕಿತ್ತು.

ನಾನು ಆ ರೈಲು ಹತ್ತಲಿಲ್ಲ.

ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: "ಮನೆ ಪರಿಸ್ಥಿತಿ." ಸುಳ್ಳೇನಲ್ಲ. ಹಿಂದಿನ ವರ್ಷ ಬೋರ್‌ವೆಲ್ ಬತ್ತಿತ್ತು. ಸೊಸೈಟಿಯಲ್ಲಿ ಸಾಲ ಇತ್ತು. ತಂಗಿಯ ಮದುವೆ ಮುಂದಿತ್ತು. ಕೇಳಿದವರೆಲ್ಲ "ಪಾಪ, ಮನೆಗಾಗಿ ತ್ಯಾಗ ಮಾಡಿದ" ಎಂದರು. ಹತ್ತು ವರ್ಷ ಆ ಮಾತನ್ನು ಕೇಳಿಸಿಕೊಂಡು ಸುಮ್ಮನಿದ್ದೆ. ಕೆಲವೊಮ್ಮೆ ನಾನೇ ಹೇಳಿಕೊಂಡದ್ದೂ ಉಂಟು.

ಎರಡು ಮೂರು ವರ್ಷದ ಹಿಂದೆ ಊರಿಗೆ ಬಂದಾಗ ಅಪ್ಪ ಸೊಸೈಟಿಯಿಂದ ನ್ಯಾನೋ ಯೂರಿಯಾ ತಂದಿದ್ದರು. ನಿಮಗೆಲ್ಲ ಗೊತ್ತಿರುವ ಅರ್ಧ ಲೀಟರಿನ ಬಾಟಲಿ. ಇಫ್ಕೋದವರು 2021ರಲ್ಲಿ ಮಾರುಕಟ್ಟೆಗೆ ತಂದದ್ದು. ಒಂದು ಬಾಟಲಿ ಒಂದು ಮೂಟೆ ಯೂರಿಯಾಕ್ಕೆ ಸಮ ಎಂದು ಅವರು ಹೇಳುತ್ತಾರೆ. ಅಷ್ಟು ಪರಿಣಾಮ ಇಲ್ಲ, ಇಳುವರಿ ಕಡಿಮೆಯಾಗುತ್ತದೆ ಎಂದು ಹೊಲದಲ್ಲಿ ಪರೀಕ್ಷೆ ಮಾಡಿ ಹೇಳಿದ ಕೃಷಿ ವಿಜ್ಞಾನಿಗಳೂ ಇದ್ದಾರೆ. ಬಾಟಲಿಯ ಮೇಲೂ ಬರೀ ಹೆಸರು ನೋಡಬಾರದು ಎನ್ನುವುದಕ್ಕೆ ಇದೊಂದು ಪಾಠ. ಅಪ್ಪ ರಾಗಿ ಹೊಲಕ್ಕೆ ಸಿಂಪಡಿಸಲು ಕ್ಯಾನು ತುಂಬುತ್ತಾ ಕೇಳಿದರು.

"ನೀನು ಓದ್ತೀನಿ ಅಂದಿದ್ದು ಇದೇನಾ?"

"ಇದೂ ಒಂದು ಭಾಗ ಕಣಪ್ಪ."

"ಮತ್ತೆ ಯಾಕೆ ಹೋಗ್ಲಿಲ್ಲ?"

"ಸಾಲ ಇತ್ತಲ್ಲಪ್ಪ ಆವಾಗ."

ಅಪ್ಪ ಕ್ಯಾನು ಕೆಳಗಿಟ್ಟರು. "ಸಾಲ ನಂದು. ನಾನು ಬೇಡ ಅಂದಿದ್ನಾ? ನೀನು ವಾಪಸ್ ಕೊಟ್ಟ ಇಪ್ಪತ್ತೈದು ಸಾವಿರ ಪೋಸ್ಟಾಫೀಸಲ್ಲಿ ಇಟ್ಟಿದ್ದೆ. ನೀನು ರೈಲು ಟಿಕೆಟ್ ಜೇಬಲ್ಲಿ ಇಟ್ಕೊಂಡು ಮೂರು ದಿನ ಓಡಾಡ್ದೆ. ಹೊರಡ್ತಾನೆ, ಕೊಡೋಣ ಅಂತ ನಾನು ಕಾಯ್ತಿದ್ದೆ. ನೀನು ಹೊರಡ್ಲಿಲ್ಲ. ನಿಂಗೇ ಇಷ್ಟ ಇಲ್ಲವೇನೋ ಅಂತ ಸುಮ್ನಾದೆ."

ನನಗೆ ಮಾತು ಬರಲಿಲ್ಲ. ಅವತ್ತು ಹೇಳಲಾಗದ್ದನ್ನು ಇವತ್ತು ಅಪ್ಪ ಅಮ್ಮ ಎದುರಿಗೆ ಕುಳಿತಿರುವಾಗಲೇ ಹೇಳುತ್ತೇನೆ. ನಾನು ಹೋಗದೇ ಇದ್ದದ್ದು ಸಾಲಕ್ಕಲ್ಲ. ಭಯಕ್ಕೆ. ನಾಲ್ಕೈದು ಪ್ರೊಫೆಸರುಗಳ ಮುಂದೆ ನಿಂತು ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕಲ್ಲ, ಹೇಳಲಾಗದೇ ನಿಂತರೆ, ಅವರು ನಕ್ಕರೆ, ಫೇಲಾಗಿ ಊರಿಗೆ ಬಂದರೆ ಎನ್ನುವ ಭಯ. ಇಂಜಿನಿಯರಿಂಗ್ ಮೊದಲ ವರ್ಷ ಕನ್ನಡ ಮಾಧ್ಯಮದಿಂದ ಹೋಗಿ ಎರಡು ವಿಷಯ ಉಳಿಸಿಕೊಂಡಿದ್ದವನು ನಾನು. ಆ ಅವಮಾನ ಒಳಗೇ ಕುಳಿತಿತ್ತು. ಭಯ ಎಂದು ಹೇಳಿಕೊಳ್ಳಲು ನಾಚಿಕೆ, ಮನೆ ಪರಿಸ್ಥಿತಿ ಎಂದರೆ ಮರ್ಯಾದೆ. ಹಾಗಾಗಿ ನನ್ನ ಭಯದ ಭಾರವನ್ನು ಹತ್ತು ವರ್ಷ ನನ್ನ ಅಪ್ಪನ ಹೆಗಲ ಮೇಲೆ ಹಾಕಿದ್ದೆ. ಅಪ್ಪ, ತಪ್ಪಾಯಿತು.

ನನ್ನ ಬಿ.ಇ. ಸಹಪಾಠಿ ಒಬ್ಬಳು ಅದೇ ವರ್ಷ ಅಂಥದೇ ಸಂದರ್ಶನಕ್ಕೆ ಹೋದಳು. ಅವಳೂ ಕನ್ನಡ ಮಾಧ್ಯಮ, ಗುಬ್ಬಿ ಕಡೆಯವಳು. ಡಯೋಡಿನ ಚಿತ್ರ ಬರೆದು ಒಳಗೆ ಏನಾಗುತ್ತದೆ ಹೇಳು ಎಂದರಂತೆ. ಅರ್ಧಕ್ಕೆ ನಿಂತುಬಿಟ್ಟಳು. "ಗೊತ್ತಿಲ್ಲ ಸಾರ್" ಎಂದಳು. ಯಾರೂ ನಗಲಿಲ್ಲವಂತೆ. ಒಂದು ಸುಳಿವು ಕೊಟ್ಟು, ಈಗ ಯೋಚಿಸು ಎಂದರಂತೆ. ಆ ವರ್ಷ ಅವಳಿಗೆ ಸೀಟು ಸಿಗಲಿಲ್ಲ. ಮರುವರ್ಷ ಮತ್ತೆ ಗೇಟ್ ಬರೆದು ಹೋದಳು, ಸಿಕ್ಕಿತು. ಎಂ.ಟೆಕ್. ಆಮೇಲೆ ಪಿಎಚ್.ಡಿ.ಗೆ ಐದೂವರೆ ವರ್ಷ. ಸುಖದ ದಾರಿಯೇನಲ್ಲ. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟು, ಹಳದಿ ಬೆಳಕಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಒಂದೇ ಪದರ ಸರಿಯಾಗಿ ಕೂರಿಸಲು ಒದ್ದಾಡಿದ್ದಾಳೆ. ನಾವೆಲ್ಲ ಮನೆ ಕಟ್ಟಿಸುವಾಗ ಅವಳು ಹಾಸ್ಟೆಲ್ಲಿನಲ್ಲಿದ್ದಳು. ಈಗ ಅನಿಲ ಪತ್ತೆ ಮಾಡುವ ಸೆನ್ಸರುಗಳ ಮೇಲೆ ಕೆಲಸ ಮಾಡುತ್ತಾಳೆ. ಸಂಬಳ ನನಗಿಂತ ಸ್ವಲ್ಪ ಕಡಿಮೆಯೇ. ಆದರೆ ಫೋನಿನಲ್ಲಿ ಕೆಲಸದ ವಿಷಯ ಶುರುಮಾಡಿದರೆ ನಿಲ್ಲಿಸುವುದಿಲ್ಲ. ನಾನು ನನ್ನ ಕೆಲಸದ ವಿಷಯ ಅಷ್ಟು ಹೊತ್ತು ಮಾತಾಡಿದ್ದು ನೆನಪಿಲ್ಲ.

ತಪ್ಪು ತಿಳಿಯಬೇಡಿ. ನನ್ನ ಕೆಲಸದ ಮೇಲೆ ನನಗೆ ಬೇಸರವಿಲ್ಲ. ಅದರಿಂದಲೇ ಸಾಲ ತೀರಿತು, ತಂಗಿಯ ಮದುವೆ ಆಯಿತು, ಊರಿನ ಮನೆಗೆ ತಾರಸಿ ಬಂತು. ಸಾಫ್ಟ್‌ವೇರ್ ಕೆಳಗಿನದು, ಸಂಶೋಧನೆ ಮೇಲಿನದು ಎಂದು ಹೇಳಲು ನಾನು ಬಂದಿಲ್ಲ. ಮನೆಯ ಕಷ್ಟ ನೋಡಿ ಕೆಲಸಕ್ಕೆ ಸೇರಿದವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ, ಅದು ದೊಡ್ಡ ಮಾತು. ನಾನು ಹೇಳುವುದು ಇಷ್ಟೇ. ಒಂದು ದಾರಿಯನ್ನು ಬಿಡುವಾಗ ಯಾವ ಕಾರಣಕ್ಕೆ ಬಿಡುತ್ತಿದ್ದೇನೆ ಎಂದು ನಮಗೆ ನಾವಾದರೂ ನಿಜ ಹೇಳಿಕೊಳ್ಳಬೇಕು. ಆ ಕಾಲೇಜಿನ ಸೀಟು ಬಿಟ್ಟದ್ದು ವಿಚಾರಿಸಿ ಬಿಟ್ಟದ್ದು, ಅದಕ್ಕೆ ಇವತ್ತಿಗೂ ಸಂತೋಷವಿದೆ. ರೈಲು ಬಿಟ್ಟದ್ದು ಹೆದರಿ ಬಿಟ್ಟದ್ದು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಈಗ ಮತ್ತೆ ಹೊಸ ಹವಾ ಎದ್ದಿದೆ. ದೇಶದಲ್ಲೇ ಚಿಪ್ ತಯಾರಿಸಬೇಕೆಂದು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2023ರ ರಸಾಯನವಿಜ್ಞಾನದ ನೊಬೆಲ್ ಬಂದದ್ದು ಕ್ವಾಂಟಂ ಡಾಟ್ ಎಂಬ ನ್ಯಾನೋ ಕಣಗಳಿಗೆ. ನಿಮ್ಮಲ್ಲಿ ಕೆಲವರಿಗೆ ಈ ಕಡೆ ಹೋಗುವ ಅವಕಾಶ ನನಗಿಂತ ಹೆಚ್ಚಾಗಿ ಬರುತ್ತದೆ. ಬಣ್ಣದ ಪುಸ್ತಕಗಳೂ ಬರುತ್ತವೆ. ಐದು ಪ್ರಶ್ನೆ ಕೇಳಿ. ಉತ್ತರ ಸರಿಯಿಲ್ಲದಿದ್ದರೆ ದುಡ್ಡು ಕಟ್ಟಬೇಡಿ. ಉತ್ತರ ಸರಿಯಿದ್ದರೆ ರೈಲು ಹತ್ತಿ. ಅಲ್ಲಿ ಹೋಗಿ "ಗೊತ್ತಿಲ್ಲ ಸಾರ್" ಎಂದರೆ ಆಕಾಶ ಕಳಚಿ ಬೀಳುವುದಿಲ್ಲ.

ಪೋಷಕರಲ್ಲಿ ಒಂದು ಕೋರಿಕೆ. ನಮ್ಮಪ್ಪ ನನಗೆ ಎಂದೂ ಬೇಡ ಎನ್ನಲಿಲ್ಲ. ಆದರೆ ಹೋಗು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ. ಒಂದೇ ಜಗಲಿಯ ಮೇಲೆ ಕುಳಿತು ಇಬ್ಬರೂ ಸುಮ್ಮನಿದ್ದೆವು. ಮಕ್ಕಳ ಓದಿನ ವಿಷಯದಲ್ಲಿ ದುಡ್ಡು ಎಷ್ಟಿದೆ, ಎಷ್ಟಿಲ್ಲ ಎಂದು ಬಾಯಿಬಿಟ್ಟು ಹೇಳಿಬಿಡಿ. ಇಲ್ಲ ಎಂದು ಗೊತ್ತಾದರೂ ಮಗು ಬೇರೆ ದಾರಿ ಹುಡುಕುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ಕೋರಿಕೆ. ನಾನು ಹತ್ತು ಜನರಿಗೆ ಇ-ಮೇಲ್ ಬರೆದು ಇಬ್ಬರಿಂದ ಉತ್ತರ ಪಡೆದೆ. ನಮ್ಮ ಶಾಲೆಯ ಮಗು ಅಪರಿಚಿತರಿಗೆ ಬರೆದು ಕಾಯುವುದು ಯಾಕೆ? ನರ್ಸಿಂಗ್ ಓದಿದವರು, ಐಟಿಐ ಮಾಡಿದವರು, ಕೃಷಿ ಡಿಪ್ಲೊಮಾ, ಡಿ.ಎಡ್., ಪೊಲೀಸ್ ಕೆಲಸ, ಬೇಕರಿ ಇಟ್ಟವರು ಎಲ್ಲರೂ ಇಲ್ಲಿದ್ದೀರಿ. ಯಾರು ಏನು ಓದಿದ್ದೀರಿ, ಯಾವ ಸಮಯಕ್ಕೆ ಫೋನ್ ಮಾಡಬಹುದು ಎಂದು ಒಂದು ರಿಜಿಸ್ಟರ್ ಮಾಡಿ ಮುಖ್ಯೋಪಾಧ್ಯಾಯರ ಕೈಗೆ ಕೊಡೋಣ. ಪ್ರತಿವರ್ಷ ಜೂನ್‌ನಲ್ಲಿ ಅದನ್ನು ಪರಿಷ್ಕರಿಸುವ ಕೆಲಸ ನನ್ನದು. ಮೊದಲ ಪುಟದಲ್ಲಿ ನನ್ನ ಹೆಸರು ಬರೆದಿದ್ದೇನೆ. ನನ್ನ ಸಹಪಾಠಿಯನ್ನು ಕೇಳಿದೆ, ಅವಳು ಈ ಶಾಲೆಯವಳಲ್ಲದಿದ್ದರೂ ಎರಡನೇ ಹೆಸರು ನನ್ನದು ಬರಿ ಎಂದಳು.

ಕೊನೆಯದಾಗಿ, ಶಾಲೆಗೆ ಈಗ ಹೊಸ ಪ್ರಯೋಗಾಲಯ ಬಂದಿದೆ. ಬೆಳಿಗ್ಗೆ ಹೋಗಿ ನೋಡಿದೆ. ಹೊಸ ಸೂಕ್ಷ್ಮದರ್ಶಕಗಳಿವೆ, ಗಾಜಿನ ಬಾಗಿಲ ಸ್ಟೀಲ್ ಬೀರು ಇದೆ. ಬೀಗ ಹಾಕಿತ್ತು. ಕೈ ಯಾರ ಹತ್ತಿರ ಇದೆ ಎಂದು ಅಲ್ಲೇ ಇದ್ದ ಒಬ್ಬ ಹುಡುಗಿಯನ್ನು ಕೇಳಿದೆ. ಅವಳು ಯೂನಿಫಾರ್ಮಿನ ಜೇಬಿನಿಂದ ತೆಗೆದು ತೋರಿಸಿದಳು. ಸಂತೋಷವಾಯಿತು.